ಅನಿಶ್ಚಯಕ್ಕೊಂದು ಸ್ನಾತಕೋತ್ತರ ಪದವಿ

ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಎಡದಂಡೆಗಿರುವ ಜುಸ್ಯೂ ಆವರಣಕ್ಕೂ ಷೇರುಪೇಟೆಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಅಲ್ಲಿರುವುದು ವಿಜ್ಞಾನ ವಿಭಾಗಗಳು, ಪ್ರಯೋಗಾಲಯಗಳು, ಸೂತ್ರಗಳಿಂದ ಕಿಕ್ಕಿರಿದ ಕರಿಹಲಗೆಗಳು. ಆದರೆ ಲಂಡನ್, ನ್ಯೂಯಾರ್ಕ್‌ಗಳ ಮಹಾ ಬ್ಯಾಂಕುಗಳು ಮೂರು ದಶಕಗಳಿಂದ ಈ ಆವರಣದತ್ತ ಆಸೆಗಣ್ಣಿಟ್ಟಿವೆ. ಇಲ್ಲಿ ನಡೆಯುವ ಒಂದು ಸ್ನಾತಕೋತ್ತರ ವ್ಯಾಸಂಗವೇ ಅದಕ್ಕೆ ಕಾರಣ. ‘ಸಂಭವನೀಯತೆ ಮತ್ತು ಹಣಕಾಸು’ ಎಂಬುದು ಅದರ ನಿರಾಡಂಬರ ಹೆಸರು. 2006ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇದರ ರೂವಾರಿಯಾದ ಪ್ರಾಧ್ಯಾಪಕಿಯ ಬಗ್ಗೆ, ಆಕೆಯ ಶಿಷ್ಯರಿಗಿರುವ ಬೇಡಿಕೆಯ ಬಗ್ಗೆ ಪ್ರತ್ಯೇಕ ಲೇಖನವನ್ನೇ ಪ್ರಕಟಿಸಿತು. ಗಣಿತದ ಒಂದು ತರಗತಿಗೆ ಹಣದ ಜಗತ್ತು ಇಷ್ಟು ಬಾಗಿ ನಮಿಸಿದ ನಿದರ್ಶನಗಳು ವಿರಳ.

ಹಣಕಾಸಿನ ಉನ್ನತ ವ್ಯಾಸಂಗವೆಂದರೆ ನಾಳೆ ಯಾವ ಷೇರು ಏರುತ್ತದೆಂದು ಹೇಳುವ ವಿದ್ಯೆ ಎಂಬ ಕಲ್ಪನೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ನಾಳೆ ಏನಾಗುವುದೆಂದು ತಿಳಿಯದೆಯೇ ಇಂದು ನ್ಯಾಯವಾದ ಬೆಲೆ ಕಟ್ಟುವುದು ಹೇಗೆ ಎಂಬುದೇ ಈ ಶಾಸ್ತ್ರದ ಪರಮ ಪ್ರಶ್ನೆ. ಒಂದು ಷೇರಿನ ಬೆಲೆ ಇಂದು 100 ರೂಪಾಯಿ ಎನ್ನೋಣ. ವರ್ಷಾಂತ್ಯಕ್ಕೆ ಅದು 120 ಆಗಬಹುದು ಅಥವಾ 90ಕ್ಕೆ ಇಳಿಯಬಹುದು. ಆಗ ಅದನ್ನು 100 ರೂಪಾಯಿಗೇ ಕೊಳ್ಳುವ ಹಕ್ಕನ್ನು, ಅಂದರೆ ಆಪ್ಷನ್ನನ್ನು, ಬ್ಯಾಂಕೊಂದು ಇಂದೇ ಮಾರುತ್ತಿದೆ. ಇಂಥ ಮೂರು ಹಕ್ಕುಗಳನ್ನು ಮಾರಿದ ಬ್ಯಾಂಕು 180 ರೂಪಾಯಿ ಸಾಲ ಪಡೆದು, ಮೇಲೆ 20 ರೂಪಾಯಿ ಸೇರಿಸಿ, ಎರಡು ಷೇರು ಕೊಂಡಿಟ್ಟುಕೊಳ್ಳಲಿ. ಬೆಲೆ ಏರಿದರೆ ಕೈಯಲ್ಲಿ 240. ಸಾಲ ತೀರಿಸಿ ಉಳಿದ 60 ರೂಪಾಯಿ ಮೂವರಿಗೂ ತಲಾ 20 ಕೊಡಲು ಸರಿಹೋಯಿತು. ಬೆಲೆ ಇಳಿದರೆ ಕೈಯಲ್ಲಿ 180. ಅದು ಸಾಲಕ್ಕೇ ಸರಿ, ಹಕ್ಕುದಾರರಿಗೆ ಕೊಡಬೇಕಾದದ್ದೇನೂ ಇಲ್ಲ. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಮೂರು ಹಕ್ಕುಗಳ ಬೆಲೆ ಒಟ್ಟು 20 ರೂಪಾಯಿ, ಅದಕ್ಕಿಂತ ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಷೇರು ಏರುವ ಸಂಭವವೆಷ್ಟು ಎಂದು ಈ ಲೆಕ್ಕದಲ್ಲಿ ಯಾರೂ ಕೇಳಲೇ ಇಲ್ಲ! ಹೆಡ್ಜಿಂಗ್ ಎಂದು ಹೆಸರಾದ ಈ ರಕ್ಷಾತಂತ್ರವೇ ಆಧುನಿಕ ಹಣಕಾಸು ಶಾಸ್ತ್ರದ ಹೃದಯ. ನಿಜವಾದ ಪೇಟೆಯಲ್ಲಿ ಬೆಲೆ ಕ್ಷಣಕ್ಷಣಕ್ಕೂ ಕದಲುವುದರಿಂದ ಈ ಸರಳ ಅಂಕಗಣಿತ ಅತ್ಯಂತ ಗಹನವಾದ ಕಲನಶಾಸ್ತ್ರವಾಗಿ ರೂಪಾಂತರ ಹೊಂದುತ್ತದೆ.

ಆ ಗಹನತೆಯ ಮೊದಲ ಪುಟ ಬರೆಯಲ್ಪಟ್ಟದ್ದೂ ಇದೇ ನಗರದಲ್ಲಿ. 1900ರ ಮಾರ್ಚ್ 29ರಂದು ಲೂಯಿ ಬಾಷೆಲಿಯೆ ಎಂಬ ಮೂವತ್ತರ ಯುವಕ ‘ಸಟ್ಟಾ ವ್ಯವಹಾರದ ಸಿದ್ಧಾಂತ’ ಎಂಬ ಡಾಕ್ಟರೇಟ್ ಪ್ರಬಂಧವನ್ನು ಸೊರ್ಬಾನ್‌ನಲ್ಲಿ ಮಂಡಿಸಿದ. ಲ ಹಾವ್ರ್ ಬಂದರು ಪಟ್ಟಣದ ದ್ರಾಕ್ಷಾರಸ ವ್ಯಾಪಾರಿಯ ಮಗ; ತಂದೆತಾಯಿ ಬೇಗನೆ ತೀರಿಕೊಂಡದ್ದರಿಂದ ಓದು ನಿಲ್ಲಿಸಿ ಮನೆಯ ವ್ಯಾಪಾರ ನೋಡಿಕೊಂಡವ. ಪರೀಕ್ಷಕರ ಪೀಠದಲ್ಲಿದ್ದವರು ಆ ಯುಗದ ಗಣಿತ ಸಾರ್ವಭೌಮ ಆನ್ರಿ ಪ್ವಾಂಕರೆ. ಫ್ರೆಂಚ್ ಸರ್ಕಾರಿ ಸಾಲಪತ್ರಗಳ ಬೆಲೆಯ ಏರಿಳಿತವನ್ನು ಬಾಷೆಲಿಯೆ ಯದೃಚ್ಛ ಚಲನೆಯಾಗಿ ಕಂಡ. ನೀರಿನಲ್ಲಿ ತೇಲುವ ಪರಾಗಕಣದ ಬ್ರೌನಿಯನ್ ಚಲನೆಯನ್ನು ವಿವರಿಸುವ ಗಣಿತವೇ ಅದು. ಅದೇ ಗಣಿತವನ್ನು ಭೌತಶಾಸ್ತ್ರದಲ್ಲಿ ಐನ್‌ಸ್ಟೈನ್ ಬಳಸಿದ್ದು 1905ರಲ್ಲಿ. ಹೀಗಾಗಿ ಪರಾಗಕಣಕ್ಕಿಂತ ಐದು ವರ್ಷ ಮೊದಲೇ ಷೇರುಪೇಟೆಗೆ ಸಮೀಕರಣ ಸಿಕ್ಕಿತ್ತು. ಪ್ವಾಂಕರೆ ಪ್ರಬಂಧದ ಸ್ವಂತಿಕೆಯನ್ನು ಮೆಚ್ಚಿದರು, ವಿಷಯ ಮಾತ್ರ ರೂಢಿಗೆ ದೂರವೆಂದರು. ಅತ್ಯುನ್ನತ ಶ್ರೇಣಿ ಬಾಷೆಲಿಯೆಗೆ ದಕ್ಕಲಿಲ್ಲ.

ಮುಂದಿನದು ನೋವಿನ ಅಧ್ಯಾಯ. ದಿಜೋನ್‌ನಲ್ಲಿ ಸಿಗಬೇಕಿದ್ದ ಪ್ರಾಧ್ಯಾಪಕ ಹುದ್ದೆ 1926ರಲ್ಲಿ ತಪ್ಪಿಹೋಯಿತು. ಸಂಭವನೀಯತಾ ಶಾಸ್ತ್ರದ ದಿಗ್ಗಜ ಪಾಲ್ ಲೆವಿ ಬಾಷೆಲಿಯೆಯ ಒಂದು ಬರಹವನ್ನು ತಪ್ಪಾಗಿ ಗ್ರಹಿಸಿ ಪ್ರತಿಕೂಲ ಅಭಿಪ್ರಾಯ ಕೊಟ್ಟದ್ದೇ ಅದಕ್ಕೆ ಕಾರಣ. ರಷ್ಯಾದ ಕೊಲ್ಮೊಗೊರೊವ್ 1931ರ ತಮ್ಮ ಮಹತ್ತ್ವದ ಲೇಖನದಲ್ಲಿ ಬಾಷೆಲಿಯೆಯನ್ನು ಸ್ಮರಿಸಿದಾಗ ಲೆವಿ ತಮ್ಮ ಪ್ರಮಾದ ಅರಿತು ಕ್ಷಮೆ ಕೋರಿದರು. ಅಷ್ಟರಲ್ಲಿ ಬಾಷೆಲಿಯೆ ದೂರದ ಬೆಜಾನ್ಸೋನ್‌ನಲ್ಲಿ ನೆಲೆಸಿಯಾಗಿತ್ತು. 1946ರಲ್ಲಿ ತೀರಿಕೊಂಡಾಗ ಗಣಿತ ಲೋಕದಲ್ಲೂ ಹೆಚ್ಚು ಜನ ಅವರನ್ನು ಬಲ್ಲವರಾಗಿರಲಿಲ್ಲ. ಐವತ್ತರ ದಶಕದ ಮಧ್ಯದಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಲೆನರ್ಡ್ ಸ್ಯಾವೇಜ್ ತನ್ನ ಅರ್ಥಶಾಸ್ತ್ರಜ್ಞ ಮಿತ್ರರಿಗೆ ‘ಈ ಬಾಷೆಲಿಯೆ ಯಾರೆಂದು ಬಲ್ಲಿರಾ?’ ಎಂಬ ಅರ್ಥದ ಅಂಚೆಕಾರ್ಡುಗಳನ್ನು ಬರೆದ. ಅದರಲ್ಲೊಂದು ಪಾಲ್ ಸ್ಯಾಮ್ಯುವೆಲ್ಸನ್ ಅವರ ಕೈಸೇರಿತು. ಮರೆತುಹೋಗಿದ್ದ ಪ್ರಬಂಧಕ್ಕೆ ಮರುಹುಟ್ಟು ಬಂದದ್ದು ಆ ಕಾರ್ಡುಗಳಿಂದ.

ಇನ್ನೊಂದು ಕಥೆ ಇದಕ್ಕಿಂತಲೂ ಕರುಣಾಜನಕ. ಖ್ಯಾತ ಜರ್ಮನ್ ಕಾದಂಬರಿಕಾರ ಆಲ್ಫ್ರೆಡ್ ಡೋಬ್ಲಿನ್ ಅವರ ಮಗ ವೋಲ್ಫ್‌ಗಾಂಗ್ ಫ್ರೆಂಚ್ ಸೇನೆಯಲ್ಲಿ ಯೋಧ, ಪ್ರಚಂಡ ಗಣಿತಜ್ಞ. 1940ರ ಫೆಬ್ರವರಿಯಲ್ಲಿ ಯುದ್ಧಭೂಮಿಯಿಂದಲೇ ಒಂದು ಹಸ್ತಪ್ರತಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ. ಜೂನ್‌ನಲ್ಲಿ ಜರ್ಮನ್ ಸೈನ್ಯ ಸಮೀಪಿಸಿದಾಗ ಪ್ರಾಣ ಕಳೆದುಕೊಂಡ. ಲಕೋಟೆ ತೆರೆದದ್ದು 2000ದಲ್ಲಿ! ಜಪಾನಿನ ಕಿಯೋಸಿ ಇತೊ 1944ರಿಂದ ಕಟ್ಟಿದ, ಇಂದು ಹಣಕಾಸು ಗಣಿತದ ವಿದ್ಯಾರ್ಥಿಗಳೆಲ್ಲ ಕಂಠಪಾಠ ಮಾಡುವ ಕಲನದ ಸಾರಸೂತ್ರದ ಒಂದು ರೂಪ ಅದರೊಳಗೆ ಅರವತ್ತು ವರ್ಷ ಮಲಗಿತ್ತು.

ಇತೊ ಕಲನದ ಬಲದಿಂದಲೇ 1973ರಲ್ಲಿ ಫಿಶರ್ ಬ್ಲ್ಯಾಕ್, ಮೈರನ್ ಶೋಲ್ಸ್ ಹಾಗೂ ರಾಬರ್ಟ್ ಮರ್ಟನ್ ಆಪ್ಷನ್‌ಗಳಿಗೆ ಬೆಲೆ ಕಟ್ಟುವ ಸೂತ್ರವನ್ನು ಲೋಕಕ್ಕೆ ಕೊಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಷಿಕಾಗೊದಲ್ಲಿ ಆಪ್ಷನ್ ವಿನಿಮಯ ಕೇಂದ್ರ ಬಾಗಿಲು ತೆರೆದಿತ್ತು. ಸೂತ್ರಕ್ಕೂ ಪೇಟೆಗೂ ಮುಹೂರ್ತ ಕೂಡಿಬಂದಂತಾಯಿತು. 1997ರಲ್ಲಿ ಶೋಲ್ಸ್, ಮರ್ಟನ್ ಅವರಿಗೆ ನೊಬೆಲ್ ಗೌರವ ಸಂದಿತು. ಬ್ಲ್ಯಾಕ್ ಎರಡು ವರ್ಷ ಮೊದಲೇ ನಿಧನರಾಗಿದ್ದರು.

ಈ ವಿದ್ಯೆ ತವರಿಗೆ ಮರಳಿದ್ದು ಎಂಬತ್ತರ ದಶಕದ ಉತ್ತರಾರ್ಧದಲ್ಲಿ. 1986ರಲ್ಲಿ ಪ್ಯಾರಿಸ್ಸಿನಲ್ಲಿ ಫ್ಯೂಚರ್ಸ್ ಪೇಟೆ, ಮರುವರ್ಷ ಆಪ್ಷನ್ ಪೇಟೆ ಆರಂಭವಾದವು. ಬ್ಯಾಂಕುಗಳಿಗೆ ದಿಢೀರನೆ ಗಣಿತಜ್ಞರು ಬೇಕಾದರು. 1988ರಲ್ಲಿ ನಿಕೋಲ್ ಎಲ್ ಕರೂಯಿ ಎಂಬ ಪ್ರಾಧ್ಯಾಪಕಿ ಬೋಧನೆಯಿಂದ ಬಿಡುವು ಪಡೆದು ಪ್ಯಾರಿಸ್ಸಿನ ಬ್ಯಾಂಕಿಂಗ್ ಸಂಸ್ಥೆಯೊಂದರಲ್ಲಿ ಕೆಲವು ತಿಂಗಳು ಕುಳಿತರು. ಐದು ಮಕ್ಕಳ ತಾಯಿಯಾದ ಆಕೆ ಶುದ್ಧ ಸಂಭವನೀಯತಾ ಸಿದ್ಧಾಂತದಲ್ಲಿ ಅದಾಗಲೇ ಹೆಸರು ಮಾಡಿದ್ದವರು. ತಾವು ವರ್ಷಗಟ್ಟಲೆ ಸಾಧನೆ ಮಾಡಿದ್ದ ಯದೃಚ್ಛ ಕಲನವನ್ನು ಬ್ಯಾಂಕಿನ ಮೇಜುಗಳ ಮೇಲೆ ನಿತ್ಯೋಪಯೋಗಿ ಸಾಧನವಾಗಿ ಕಂಡದ್ದು ಆಕೆಗೂ ಬೆರಗಿನ ಸಂಗತಿಯೇ. ಎರಡೇ ವರ್ಷದಲ್ಲಿ, 1990ರಲ್ಲಿ, ಎಲಿಯೆತ್ ಜೆಮಾನ್ ಅವರೊಡಗೂಡಿ ಈ ಸ್ನಾತಕೋತ್ತರ ವ್ಯಾಸಂಗ ಸ್ಥಾಪಿಸಿದರು. ನನ್ನ ದೃಷ್ಟಿಯಲ್ಲಿ ಆಕೆಯ ಹಿರಿಮೆ ಇರುವುದು ಬ್ಯಾಂಕುಗಳಿಗೆ ನೌಕರರನ್ನು ಒದಗಿಸಿದ್ದರಲ್ಲಿ ಅಲ್ಲ, ಬ್ಯಾಂಕಿನ ಪ್ರಶ್ನೆಗಳನ್ನು ಹೊಸ ಗಣಿತವಾಗಿ ಬೆಳೆಸಿದ್ದರಲ್ಲಿ. 1997ರಲ್ಲಿ ಷಿಗೆ ಪೆಂಗ್ ಮತ್ತು ಮರೀ-ಕ್ಲೇರ್ ಕೆನೆ ಅವರೊಂದಿಗೆ ಆಕೆ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಆಧಾರಗ್ರಂಥಗಳ ಸಾಲಿಗೆ ಸೇರಿದೆ.

ವ್ಯಾಸಂಗದ ಸ್ವರೂಪ ಕಠೋರ. ಶರತ್ಕಾಲದಲ್ಲಿ ಬ್ರೌನಿಯನ್ ಚಲನೆ, ನ್ಯಾಯಯುತ ಜೂಜಿನ ಗಣಿತರೂಪವಾದ ಮಾರ್ಟಿಂಗೇಲ್, ಇತೊ ಕಲನ. ಜೊತೆಗೆ ಮಾಂಟೆ ಕಾರ್ಲೊ ವಿಧಾನ: ಕಂಪ್ಯೂಟರಿನಲ್ಲಿ ಲಕ್ಷಾಂತರ ಕಾಲ್ಪನಿಕ ಭವಿಷ್ಯಗಳನ್ನು ಸೃಷ್ಟಿಸಿ ಸರಾಸರಿ ತೆಗೆಯುವ ತಂತ್ರವದು. ಅನಂತರ ಬಡ್ಡಿದರಗಳ ಮಾದರಿಗಳು, ಸಾಲದ ಅಪಾಯದ ಅಳತೆ. ಪಾಠ ಮುಗಿದ ಮೇಲೆ ತಿಂಗಳುಗಳ ಕಾಲ ಬ್ಯಾಂಕಿನಲ್ಲಿಯೋ ಸಂಶೋಧನಾ ಕೇಂದ್ರದಲ್ಲಿಯೋ ಇಂಟರ್ನ್‌ಶಿಪ್. ಪ್ರತಿಷ್ಠಿತ ಎಕೋಲ್ ಪಾಲಿಟೆಕ್ನಿಕ್ ಇದರ ಸಹಭಾಗಿ. ಸಾರ್ವಜನಿಕ ವಿಶ್ವವಿದ್ಯಾಲಯದ ಪದವಿಯಾದ್ದರಿಂದ ಶುಲ್ಕ ಖಾಸಗಿ ಬಿಸಿನೆಸ್ ಶಾಲೆಗಳ ಮುಂದೆ ಏನೇನೂ ಅಲ್ಲ. ಜಗತ್ತಿನ ದುಬಾರಿ ಹುದ್ದೆಗಳಿಗೆ ಹೋಗುವ ಹಾದಿ ಇಷ್ಟು ಅಗ್ಗವಾಗಿರುವುದು ಸೋಜಿಗವೇ ಸರಿ.

2008ರ ಮಹಾಕುಸಿತ ಈ ವೈಭವಕ್ಕೆ ಗ್ರಹಣ ಹಿಡಿಸಿತು. ಫ್ರಾನ್ಸಿನ ಮಾಜಿ ಪ್ರಧಾನಿ ಮಿಶೆಲ್ ರೊಕಾರ್, ಪೇಟೆಯಲ್ಲಿ ಲಾಭ ಹೊಡೆಯುವುದನ್ನು ಕಲಿಸುವ ಗಣಿತ ಪ್ರಾಧ್ಯಾಪಕರು ತಮಗರಿವಿಲ್ಲದೆಯೇ ಮನುಕುಲದ ವಿರುದ್ಧ ಅಪರಾಧ ಎಸಗುತ್ತಿದ್ದಾರೆಂದು ಲ ಮೊಂದ್ ಪತ್ರಿಕೆಯಲ್ಲಿ ಗುಡುಗಿದರು. ಆರೋಪ ಅತಿಯಾಯಿತು ಎಂದೇ ಹೇಳಬೇಕು. ಸಾವಿರಾರು ಗೃಹಸಾಲಗಳನ್ನು ಒಟ್ಟುಗೂಡಿಸಿ ಮಾರಿದಾಗ ಒಂದು ಸಾಲ ಮುಳುಗಿದರೆ ಉಳಿದವೂ ಒಟ್ಟಿಗೆ ಮುಳುಗಬಹುದೆಂಬ ಅಪಾಯವನ್ನು ಬಳಕೆಯ ಮಾದರಿಗಳು ಕಡಿಮೆ ಅಂದಾಜಿಸಿದ್ದು ದಿಟ. ಆದರೆ ಆ ಮಾದರಿಗಳ ಮಿತಿಯನ್ನು ಬಲ್ಲವರ ಮಾತಿಗೆ ಲಾಭದ ಭರಾಟೆಯಲ್ಲಿ ಕಿವಿಗೊಟ್ಟವರು ಕಡಿಮೆ. ನೊಬೆಲ್ ಪುರಸ್ಕೃತರಿಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಹೂಡಿಕೆ ಸಂಸ್ಥೆ 1998ರಲ್ಲೇ ಮುಗ್ಗರಿಸಿ ಎಚ್ಚರಿಕೆ ಕೊಟ್ಟಿತ್ತು.

ಕುಸಿತದ ನಂತರ ಪಠ್ಯದ ಒತ್ತು ಬದಲಾಯಿತು. ಹೊಸ ಬಗೆಯ ಆಪ್ಷನ್‌ಗಳ ಆವಿಷ್ಕಾರದ ಮೋಹ ತಗ್ಗಿ, ಎದುರು ಪಕ್ಷ ದಿವಾಳಿಯಾದರೆ ಏನು, ಕೊಳ್ಳುವವರೇ ಇಲ್ಲದಾದರೆ ಏನು ಎಂಬ ಪ್ರಶ್ನೆಗಳು ಮುನ್ನೆಲೆಗೆ ಬಂದವು. ಬ್ಯಾಂಕುಗಳ ಮೇಲಿನ ಅಂತರರಾಷ್ಟ್ರೀಯ ಬಾಸೆಲ್ ನಿಯಮಗಳು ಬಿಗಿಯಾದಂತೆ ಅಪಾಯವನ್ನು ಅಳೆಯುವವರಿಗೆ ಬೇಡಿಕೆ ಇಮ್ಮಡಿಸಿತು. ಈಗ ಯಂತ್ರಕಲಿಕೆ, ಸೆಕೆಂಡಿನ ಅತಿಸೂಕ್ಷ್ಮ ಭಾಗದಲ್ಲಿ ನಡೆಯುವ ವಹಿವಾಟಿನ ದತ್ತಾಂಶ ವಿಶ್ಲೇಷಣೆಗಳೂ ತರಗತಿಗೆ ಬಂದಿವೆ. ಪ್ಯಾರಿಸ್ಸಿನ ಆನ್ರಿ ಪ್ವಾಂಕರೆ ಸಂಸ್ಥೆಯಲ್ಲಿ ಸಂಶೋಧಕರು ಸೇರುವ ವಿಚಾರಸಂಕಿರಣ ಮಾಲಿಕೆಗೆ ಬಾಷೆಲಿಯೆಯ ಹೆಸರಿದೆ. ಪರೀಕ್ಷಕನ ಹೆಸರಿನ ಮನೆಯಲ್ಲಿ ಶಿಷ್ಯನಿಗೆ ಪೀಠ ದೊರೆತಿದೆ.

ಈ ಲೋಕ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಫ್ರಾನ್ಸಿನ ಸೊಸಿಯೆತೆ ಜೆನೆರಾಲ್, ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಮೊದಲಾದ ಬ್ಯಾಂಕುಗಳು ಬೆಂಗಳೂರಿನಲ್ಲಿ ಬೃಹತ್ ಕೇಂದ್ರಗಳನ್ನು ನಡೆಸುತ್ತಿವೆ. ಇಲ್ಲಿಂದ ಜುಸ್ಯೂ ಕಡೆಗೆ ಕಣ್ಣು ಹಾಯಿಸುವ ತರುಣ ತರುಣಿಯರು ಒಂದನ್ನು ಮೊದಲೇ ತಿಳಿದಿರಬೇಕು: ಅಲ್ಲಿ ಬಿ.ಕಾಂ. ಅಥವಾ ಎಂ.ಬಿ.ಎ. ಪದವಿಯ ಬಲ ನಡೆಯದು. ಮೆಷರ್ ಥಿಯರಿಯ ತಳಹದಿಯ ಮೇಲೆ ಸಂಭವನೀಯತೆ ಕಲಿತ ಗಣಿತ ಅಥವಾ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ, ಇಲ್ಲವೇ ಗಣಿತದಲ್ಲಿ ಪಳಗಿದ ಎಂಜಿನಿಯರ್ ಆಗಿರಬೇಕು. ಪ್ರೋಗ್ರಾಮಿಂಗ್ ಕೈಗೆ ಹತ್ತಿರಬೇಕು. ಮತ್ತು ಪಾಠ ಅರ್ಥವಾಗುವಷ್ಟು ಫ್ರೆಂಚ್ ಬರಬೇಕು. ಬ್ಯಾಲೆನ್ಸ್ ಶೀಟ್ ಓದಲು ಬಾರದಿದ್ದರೆ ಅಡ್ಡಿಯಿಲ್ಲ, ಅದನ್ನು ಬ್ಯಾಂಕಿನಲ್ಲಿಯೇ ಕಲಿಯಬಹುದು.