ಬಿಸಿಲಿಗೆ ಬೇಯದ ಶಾಲೆ ಕಟ್ಟುವುದು ಹೇಗೆ?

ಗೆಳೆಯ ಗೆಳತಿಯರೇ, "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಿಮಗೆಲ್ಲ ಗೊತ್ತು. ಶಾಲೆ ಕಟ್ಟಿ ನೋಡು ಎಂದು ಯಾರೂ ಹೇಳಿಲ್ಲ. ಮನೆಯಲ್ಲಿ ಸೆಖೆಯಾದರೆ ಎದ್ದು ಜಗಲಿಗೆ ಬಂದು ಕೂರಬಹುದು. ಶಾಲೆಯಲ್ಲಿ ಸೆಖೆಯಾದರೆ ಗಂಟೆ ಹೊಡೆಯುವವರೆಗೂ ಅಲ್ಲೇ ಕೂರಬೇಕು. ಅದಕ್ಕೇ ಈ ಲೇಖನ ಬರೆದಿದ್ದೇನೆ.

ನಮ್ಮಪ್ಪ ಗಾರೆ ಕೆಲಸ ಮಾಡುತ್ತಾರೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಅಲ್ಲಿಂದ ಮೈಸೂರಿಗೆ ಹೋಗುತ್ತಾರೆ. ಹೋದ ವರ್ಷ ಸಿಟಿಯಲ್ಲಿ ಒಂದು ದೊಡ್ಡ ಶಾಲೆಯ ಕೆಲಸ ಮಾಡಿದರು. ಅದಕ್ಕೆ ಪಡುವಲ ಕಡೆ ಪೂರ್ತಿ ಗಾಜು. ಅಪ್ಪ ರಾತ್ರಿ ಊಟಕ್ಕೆ ಕೂತಾಗ ನಗುತ್ತಾ ಹೇಳಿದರು: "ಗಾಜು ಹಾಕ್ಬುಟ್ಟು ಬಿಸ್ಲು ಬತ್ತದೆ ಅಂತ ಪರದೆ ಕಟ್ಟವ್ರೆ. ಪರದೆ ಕಟ್ಟಿ ಕತ್ಲಾಯ್ತು ಅಂತ ಲೈಟ್ ಹಾಕವ್ರೆ. ಸೆಖೆ ಅಂತ ಏಸಿ ಇಟ್ಟವ್ರೆ. ಒಂದು ತಪ್ಪಿಗೆ ಮೂರು ಸಲ ದುಡ್ಡು ಕನ ಮಗ." ನನಗೂ ನಗು ಬಂತು. ಆದರೆ ಬೇಸಿಗೆಯಲ್ಲಿ ಅತ್ತೆಯ ಊರಿಗೆ ಹೋದಾಗ ನಗು ಬರಲಿಲ್ಲ. ಅಲ್ಲಿನ ಅಂಗನವಾಡಿಗೆ ಶೀಟಿನ ಚಾವಣಿ. ಮಧ್ಯಾಹ್ನ ಒಳಗೆ ಕಾಲಿಟ್ಟರೆ ಒಲೆ ಮುಂದೆ ಕೂತಂತೆ ಆಗುತ್ತದೆ. ಅತ್ತೆಯ ಮಗುವಿಗೆ ಕತ್ತು ಬೆನ್ನೆಲ್ಲ ಬೆವರುಸಾಲೆ ಎದ್ದು ರಾತ್ರಿಯಿಡೀ ಅಳುತ್ತಿತ್ತು.

ಅದೇ ಬಿಸಿಲಿನಲ್ಲಿ ನಮ್ಮೂರಿನ ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನದ ಒಳಗೆ ಹೋದರೆ ತಣ್ಣಗಿರುತ್ತದೆ. ಅಲ್ಲಿ ಏಸಿ ಇಲ್ಲ. ಹಾಗಾದರೆ ಏನಿದೆ? ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ, ಅವರು ಕೊಟ್ಟ ಪುಸ್ತಕದಲ್ಲಿ ಓದಿದ್ದನ್ನೂ, ಅಪ್ಪನಿಂದ ತಿಳಿದದ್ದನ್ನೂ ಸೇರಿಸಿ ಕೆಳಗೆ ಬರೆದಿದ್ದೇನೆ.

1) ದಿಕ್ಕು

ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಬೆಳಿಗ್ಗೆ ಸೂರ್ಯ ಮೂಡಣದಲ್ಲಿ ತಗ್ಗಿನಲ್ಲಿರುತ್ತಾನೆ, ಸಂಜೆ ಪಡುವಣದಲ್ಲಿ ತಗ್ಗಿನಲ್ಲಿರುತ್ತಾನೆ. ಆಗ ಬಿಸಿಲು ನೆಟ್ಟಗೆ ಗೋಡೆಗೇ ಹೊಡೆಯುತ್ತದೆ. ಸಜ್ಜ ಹಾಕಿದರೂ ಅದರ ಕೆಳಗೆ ನುಗ್ಗಿ ಬರುತ್ತದೆ. ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರ ಇರುವುದರಿಂದ ತೆಂಕಣ ಬಡಗಣ ಗೋಡೆಗಳಿಗೆ ಒಂದೆರಡು ಅಡಿ ಸಜ್ಜ ಇದ್ದರೂ ನೆರಳು ಸಿಗುತ್ತದೆ. ಆದ್ದರಿಂದ ಕೊಠಡಿಯ ಉದ್ದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಬೇಕು, ಕಿಟಕಿಗಳನ್ನು ಅಲ್ಲಿ ಇಡಬೇಕು. ಮೂಡಲು ಪಡುವಲಿಗೆ ಗಿಡ್ಡ ಗೋಡೆ ಬರಬೇಕು.

ನಮ್ಮ ಕಡೆ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಧ್ವಜಸ್ತಂಭಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ 15 ಆದ ಮೇಲೆ ಒಂದು ವಾರ ದಿನಾ ಗಮನಿಸಿ ನೋಡಿ.

2) ಗೋಡೆ

ದೇವಸ್ಥಾನದ ಕಲ್ಲಿನ ಗೋಡೆ ಬಹಳ ದಪ್ಪ. ಹೊರಗಿನ ಬಿಸಿ ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಈಗ ಅಷ್ಟು ಕಲ್ಲು ತಂದು ಕಟ್ಟಲು ಆಗುವುದಿಲ್ಲ. ಅದಕ್ಕೆ ಎರಡು ಉಪಾಯಗಳಿವೆ.

ಒಂದು ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಅದೇ) 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಹುಡುಕುವುದು ಅದರ ಕೆಲಸ. ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಅದನ್ನು ಕಟ್ಟಿದರು. ಮಣ್ಣು, ಮರಳು, ಜೊತೆಗೆ ನೂರಕ್ಕೆ ಏಳೆಂಟು ಪಾಲು ಮಾತ್ರ ಸಿಮೆಂಟ್ ಕಲೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡುವ ವಿಧಾನವನ್ನು ಅಲ್ಲಿ ಬೆಳೆಸಿದರು. ಈ ಇಟ್ಟಿಗೆಯನ್ನು ಗೂಡಿನಲ್ಲಿ ಸುಡುವಂತಿಲ್ಲ. ಮೂರು ನಾಲ್ಕು ವಾರ ನೀರು ಹಾಕಿ ಗಟ್ಟಿ ಮಾಡಿದರೆ ಆಯಿತು. ಗೂಡಿಗೆ ಎಷ್ಟು ಸೌದೆ ಹೋಗುತ್ತದೆ ಎಂದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು ಟೊಳ್ಳು ಗೋಡೆ. ಲಾರಿ ಬೇಕರ್ ಎಂಬುವರು 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ನಮ್ಮ ದೇಶಕ್ಕೆ ಬಂದು, ಕೇರಳದಲ್ಲಿ ನೆಲೆಸಿ, ಕಡಿಮೆ ಖರ್ಚಿನ ಕಟ್ಟಡ ಕಟ್ಟಿದರು. 2007ರಲ್ಲಿ ತೀರಿಕೊಂಡರು. ಅವರು ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿಸುತ್ತಿದ್ದರು. ನಡುವೆ ಇಲಿಬೋನಿನ ಹಾಗೆ ಖಾಲಿ ಜಾಗ ಉಳಿಯುತ್ತದೆ. ಆ ಜಾಗದ ಗಾಳಿ ಬಿಸಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಇಟ್ಟಿಗೆಯೂ ಸುಮಾರು ಕಾಲು ಭಾಗ ಉಳಿಯುತ್ತದೆ. "ಬೀಳಲ್ವಾ?" ಎಂದು ಅಪ್ಪನನ್ನು ಕೇಳಿದೆ. "ಗುಂಡು ಹಿಡಿದು ಸರಿಯಾಗಿ ಕಟ್ಟಿದ್ರೆ ಯಾಕೆ ಬಿದ್ದದು? ಕೈ ಕುಶಾಲು ಬೇಕು ಅಷ್ಟೆ" ಎಂದರು.

3) ಚಾವಣಿ

ಹೆಚ್ಚು ಬಿಸಿ ಬರುವುದು ಮೇಲಿನಿಂದ. ಹಳೆಯ ಶಾಲೆಗಳಿಗೆ ಮಂಗಳೂರು ಹೆಂಚು ಇರುತ್ತಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೆಂಚಿನ ಸಂದಿಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಮೌಲ್ಡ್ ಹಾಕಿದ ಚಾವಣಿ ಹಗಲೆಲ್ಲ ಬಿಸಿ ಕುಡಿದು ಸಂಜೆ ಕೆಳಗೆ ಬಿಡುತ್ತದೆ. ಹಾಗಂತ ಮೌಲ್ಡ್ ಒಡೆಯಲು ಆಗುತ್ತದೆಯೇ? ಅದರ ಮೇಲೆ ಸುಣ್ಣ ಬಳಿದರೆ ಸಾಕು. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ.

ನಾನು ಇದನ್ನು ಪರೀಕ್ಷೆ ಮಾಡಿದೆ. ಎರಡು ಒಂದೇ ತರದ ತಗಡಿನ ಡಬ್ಬ ತೆಗೆದುಕೊಂಡೆ. ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಮಸಿ ಹಚ್ಚಿ, ಎರಡಕ್ಕೂ ಒಂದೊಂದು ಲೋಟ ನೀರು ಹಾಕಿ ಮುಚ್ಚಿ ಬಿಸಿಲಿಗಿಟ್ಟೆ. ಮಧ್ಯಾಹ್ನ ತೆಗೆದು ನೋಡಿದರೆ ಮಸಿ ಡಬ್ಬದ ನೀರು ಬಿಸಿ ಬಿಸಿ, ಸುಣ್ಣದ ಡಬ್ಬದ ನೀರು ಉಗುರುಬೆಚ್ಚಗೆ. ನೀವೂ ಮಾಡಿ ನೋಡಿ.

4) ಗಾಳಿ

ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಚಾವಣಿ ಹತ್ತಿರ ಗವಾಕ್ಷಿ ಇದ್ದರೆ ಹೊರಗೆ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಎಂಬ ಸಂಸ್ಥೆಯ ಕಟ್ಟಡವಿದೆ. ಸಂಜಯ್ ಮೋಹೆ ಎಂಬ ವಾಸ್ತುಶಿಲ್ಪಿ ಅದರ ನಕ್ಷೆ ಮಾಡಿದ್ದಾರೆ. ಅದರ ದಕ್ಷಿಣದ ಗೋಡೆ ಎರಡು ಪದರದ್ದು, ಹೊರಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಬಂದು ಕೋಣೆಗಳನ್ನು ಹಾದು ಹೋಗುತ್ತದೆ. ಬಿಸಿಲನ್ನೇ ಫ್ಯಾನ್ ಮಾಡಿದ್ದಾರೆ! ಸಿಟಿಯಲ್ಲಿ ಎಲ್ಲರೂ ಗಾಜನ್ನೇ ಹಾಕುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು.

5) ಕರೆಂಟ್

ಐದು ಕೊಠಡಿ, ಕೊಠಡಿಗೆ ಎರಡು ಫ್ಯಾನ್ ಎಂದುಕೊಳ್ಳಿ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್. ಹತ್ತು ಫ್ಯಾನ್ 6 ಗಂಟೆ ತಿರುಗಿದರೆ 4,500 ವ್ಯಾಟ್ ಗಂಟೆ, ಅಂದರೆ ನಾಲ್ಕೂವರೆ ಯುನಿಟ್. ಈಗ ಬಂದಿರುವ ಕಡಿಮೆ ಕರೆಂಟಿನ ಫ್ಯಾನ್ ಸುಮಾರು 30 ವ್ಯಾಟ್. ಅವುಗಳಿಗೆ 1.8 ಯುನಿಟ್ ಸಾಕು. ಒಂದು ಕಿಲೋವ್ಯಾಟ್ ಸೋಲಾರ್ ಫಲಕ ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ. ಶಾಲೆ ನಡೆಯುವುದೂ ಹಗಲು, ಸೂರ್ಯ ಇರುವುದೂ ಹಗಲು. ಶಾಲೆಗಿಂತ ಒಳ್ಳೆಯ ಜೋಡಿ ಅದಕ್ಕೆ ಎಲ್ಲಿ ಸಿಗುತ್ತದೆ?

"ಕರೆಂಟ್ ಬಿಲ್ ನಾವೇನು ಕಟ್ತೀವಾ, ಸರ್ಕಾರ ತಾನೇ ಕಟ್ಟೋದು" ಎಂದು ನನ್ನ ಬೆಂಚಿನ ಗೆಳತಿ ಹೇಳಿದಳು. ಬಿಲ್ ಯಾರು ಕಟ್ಟಿದರೂ ಕರೆಂಟ್ ಪುಕ್ಕಟೆ ಹುಟ್ಟುವುದಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಮಳೆ ಕಡಿಮೆಯಾದರೆ ಅಂತಹ ಕರೆಂಟ್ ಕಡಿಮೆಯಾಗುತ್ತದೆ. ಆಗ ರಾಯಚೂರಿನಂಥ ಕಡೆ ಕಲ್ಲಿದ್ದಲು ಹೆಚ್ಚು ಸುಡಬೇಕು, ಹೊಗೆಯೂ ಹೆಚ್ಚುತ್ತದೆ. ನಾವು ಉಳಿಸಿದ ಕರೆಂಟ್ ಯಾರದೋ ಪಂಪ್‌ಸೆಟ್ಟಿಗೆ ಸಿಗುತ್ತದೆ. ಪಂಪ್‌ಸೆಟ್ ಇರುವ ಮನೆಯವರು ನಮ್ಮ ತರಗತಿಯಲ್ಲೇ ಬೇಕಾದಷ್ಟು ಜನ ಇದ್ದಾರೆ.

6) ಮಳೆ ನೀರು

ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 8 ಮೀಟರ್ ಉದ್ದ 6 ಮೀಟರ್ ಅಗಲದ ಕೊಠಡಿಗೆ 20 ಮಿಲಿಮೀಟರ್ ಮಳೆ ಬಂದರೆ 960 ಲೀಟರ್! ಸ್ವಲ್ಪ ಪೋಲಾದರೂ ಕೈ ತೊಳೆಯಲು, ಶೌಚಾಲಯಕ್ಕೆ, ಕೈತೋಟಕ್ಕೆ ಬಹಳ ದಿನ ಬರುತ್ತದೆ. ಮೊದಲು ಬಿದ್ದ ನೀರಿನಲ್ಲಿ ಕಸ, ಹಕ್ಕಿ ಹಿಕ್ಕೆ ಇರುವುದರಿಂದ ಅದನ್ನು ಹೊರಗೆ ಬಿಟ್ಟು ಆಮೇಲೆ ತೊಟ್ಟಿಗೆ ಬಿಡಬೇಕು. ಬೆಂಗಳೂರಿನಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ಮನೆ ಕಟ್ಟಿ, ನಲ್ಲಿ ಸಂಪರ್ಕವನ್ನೇ ತೆಗೆದುಕೊಳ್ಳದೆ ಮಳೆ ನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು. 2009ರಲ್ಲಿ ಬೆಂಗಳೂರಿನ ದೊಡ್ಡ ಕಟ್ಟಡಗಳಿಗೆ ಮಳೆ ಕೊಯ್ಲು ಕಡ್ಡಾಯ ಎಂಬ ಕಾನೂನೂ ಬಂತು. ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಮೊದಲೇ ಹೇಳಿದ್ದಾರೆ.

ಕೊನೆಯ ಮಾತು

ನಮ್ಮ ಶಾಲೆಗೆ ಒಂದು ಹೊಸ ಕೊಠಡಿ ಬರುತ್ತದೆ ಎಂದು ಮಾತು ನಡೆಯುತ್ತಿದೆ. ಪಡುವಲ ಕಡೆಯ ಹೊಂಗೆ ಮರ ಅಡ್ಡ ಬಂದರೂ ಬರಬಹುದು ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡೆ. ಸಂಜೆ ಬಿಸಿಲನ್ನು ತಡೆಯುತ್ತಿರುವುದು ಅದೇ ಮರ. ಕಡಿದರೆ ಒಂದು ದಿನದ ಕೆಲಸ, ಮತ್ತೆ ಅಷ್ಟು ದೊಡ್ಡದಾಗಲು ನಾವೆಲ್ಲ ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿರುತ್ತದೆ. ನಾನು ಮುಂದಿನ ವರ್ಷ ಇಲ್ಲಿ ಇರುವುದಿಲ್ಲ. ನನ್ನ ತಮ್ಮ ಇರುತ್ತಾನೆ. ಈಗ ಅವನು ಒಂದನೇ ತರಗತಿ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ದಾರ ಹಿಡಿದು ಪಾಯ ಗುರುತು ಮಾಡುವ ದಿನ ಮೊದಲು ದಿಕ್ಕು ನೋಡಿಸಿ. ಮರ ಉಳಿಯುವಂತೆ ಸ್ವಲ್ಪ ಸರಿಸಿ ಗುರುತು ಹಾಕಿಸಿ. ಈಗಿರುವ ಚಾವಣಿಗೆ ಸುಣ್ಣ ಬಳಿಯಲು ದುಡ್ಡಿಲ್ಲದಿದ್ದರೆ ಒಂದು ಶನಿವಾರ ನಮ್ಮ ತರಗತಿಯವರು ಬಕೆಟ್ ಹೊತ್ತು ಕೊಡುತ್ತೇವೆ. ಮೇಲೆ ಹತ್ತಿ ಬಳಿದುಕೊಡಲು ನಮ್ಮಪ್ಪ ಒಪ್ಪಿಕೊಂಡಿದ್ದಾರೆ. ಕೂಲಿ ಬೇಡ, ಟೀ ಕೊಟ್ಟರೆ ಸಾಕಂತೆ.

ತಪ್ಪಿದ್ದರೆ ಕ್ಷಮಿಸಿ.

– 7ನೇ ತರಗತಿ ವಿದ್ಯಾರ್ಥಿನಿ, ಹೆಮ್ಮರಗಾಲ