ಹಿಮದ ಒಡಲಿನ ವೊಸ್ತೋಕ್

ಅಂಟಾರ್ಕ್ಟಿಕಾ ಖಂಡದ ಒಳನಾಡಿನಲ್ಲಿ, ಸಮುದ್ರಮಟ್ಟದಿಂದ 3,488 ಮೀಟರ್ ಎತ್ತರದ ಹಿಮದ ಬಯಲಿನ ಮೇಲೆ ವೊಸ್ತೋಕ್ ಎಂಬ ಸಂಶೋಧನಾ ಕೇಂದ್ರವಿದೆ. 1957ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವು ಸ್ಥಾಪಿಸಿದ ಈ ನೆಲೆಯನ್ನು ಇಂದು ರಷ್ಯಾ ನಡೆಸುತ್ತಿದೆ. ಕಡಲತಡಿಯ ಮಿರ್ನಿ ಕೇಂದ್ರವು ಇಲ್ಲಿಂದ ಸುಮಾರು 1,400 ಕಿಲೋಮೀಟರ್ ದೂರ. ಸುತ್ತ ಮರವಿಲ್ಲ, ಹುಲ್ಲುಕಡ್ಡಿಯಿಲ್ಲ. ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯದರ್ಶನವೇ ಇಲ್ಲ. ಗಾಳಿ ತೆಳುವಾದುದರಿಂದ ಹೊಸದಾಗಿ ಬಂದವರನ್ನು ತಲೆನೋವು, ಏದುಸಿರು, ನಿದ್ರಾಹೀನತೆಗಳು ಕಾಡುತ್ತವೆ.

ಇಂತಹ ಎಡೆಯಲ್ಲಿ ಮನುಷ್ಯರು ವರ್ಷವಿಡೀ ಏಕಿರಬೇಕು ಎಂದು ವಾಚಕರು ಕೇಳಿಯಾರು. ಬೇಸಿಗೆಯಲ್ಲಿ ಮಾತ್ರ ಬಂದು ಹೋಗುವವರ ದಾಖಲೆಯಲ್ಲಿ ಚಳಿಗಾಲವೆಂಬುದು ಬರಿದಾದ ಪುಟವಾಗಿಯೇ ಉಳಿಯುತ್ತದೆ. ಆ ಪುಟವನ್ನು ತುಂಬಲು ತೆರಬೇಕಾದ ಬೆಲೆ ಎಷ್ಟೆಂಬುದು 1982ರಲ್ಲಿ ತಿಳಿಯಿತು.

ಆ ವರ್ಷದ ಏಪ್ರಿಲ್ 12ರಂದು ಕೇಂದ್ರದ ವಿದ್ಯುದಾಗಾರಕ್ಕೆ ಬೆಂಕಿ ಬಿದ್ದಿತು. ಯಂತ್ರಕರ್ಮಿಯೊಬ್ಬನು ಅಸುನೀಗಿದನು. ದೀಪವೂ ಹೋಯಿತು, ಕಾವೂ ಹೋಯಿತು. ಉಳಿದವರು ಇಪ್ಪತ್ತು ಮಂದಿ. ಮುಂದಿರುವುದು ಇಡಿಯ ಚಳಿಗಾಲ. ಅಂತಹ ಶೀತದಲ್ಲಿ ವಿಮಾನವು ಬಂದಿಳಿಯುವಂತಿಲ್ಲ. ಅವರು ಒಂದೇ ಮನೆಯಲ್ಲಿ ಒತ್ತೊತ್ತಾಗಿ ಸೇರಿಕೊಂಡರು. ಅನಿಲದ ಸಿಲಿಂಡರುಗಳನ್ನು ಕತ್ತರಿಸಿ ಒಲೆಗಳನ್ನು ಮಾಡಿ ಡೀಸೆಲ್ ಉರಿಸಿದರು. ಪ್ಯಾರಾಫಿನ್ ಮೇಣದಿಂದ ಬತ್ತಿಗಳನ್ನು ಹೊಯ್ದುಕೊಂಡರು. ಮೂಲೆಗೆ ಬಿದ್ದಿದ್ದ ಹಳೆಯ ಜನರೇಟರೊಂದನ್ನು ಸರಿಪಡಿಸಿದ ಬಳಿಕವೇ ರೇಡಿಯೋ ಮೂಲಕ ಹೊರಜಗತ್ತಿಗೆ ಸುದ್ದಿ ಮುಟ್ಟಿತು. ಒಲೆಯ ಮಸಿಯಿಂದ ಮೈಮುಖವೆಲ್ಲ ಕಪ್ಪಾದರೂ ಆ ಇಪ್ಪತ್ತು ಮಂದಿಯೂ ಚಳಿಗಾಲವನ್ನು ದಾಟಿ ಬದುಕಿದರು. ಇಂದಿನ ಸಾಹಸಯಾತ್ರಿಕರಿಗೆ ದೊರೆಯುವ ಪ್ರಚಾರದ ನೂರರಲ್ಲಿ ಒಂದು ಪಾಲೂ ಇವರಿಗೆ ದೊರೆಯಲಿಲ್ಲ.

ಅಷ್ಟಾದರೂ ಕೇಂದ್ರವನ್ನು ತೊರೆಯಲಿಲ್ಲ. ಮರುವರ್ಷ, 1983ರ ಜುಲೈ 21ರಂದು, ಅಲ್ಲಿನ ಉಷ್ಣಮಾಪಕವು ಶೂನ್ಯಕ್ಕಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಭೂಮಿಯ ಮೇಲಿನ ಹವಾಮಾನ ಕೇಂದ್ರವೊಂದರಲ್ಲಿ ಇದಕ್ಕಿಂತ ಹೆಚ್ಚಿನ ಚಳಿ ಇದುವರೆಗೆ ದಾಖಲಾಗಿಲ್ಲ. ಬೆಂಕಿಗೆ ಅಂಜಿ ಜನರು ಮರಳಿಬಿಟ್ಟಿದ್ದರೆ ಆ ದಿನದ ಶೀತವು ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಇಲ್ಲಿನ ಹೆಚ್ಚಿನ ಸಂಪತ್ತಾದರೋ ಕಾಲಡಿಯಲ್ಲಿದೆ. ವರ್ಷವರ್ಷವೂ ಬಿದ್ದ ಹಿಮವು ಅದುಮಿಕೊಂಡು ಗಟ್ಟಿಯಾಗುವಾಗ ಅಂದಂದಿನ ಗಾಳಿಯೂ ಸಣ್ಣ ಗುಳ್ಳೆಗಳಾಗಿ ಅದರೊಳಗೆ ಸೆರೆಯಾಗುತ್ತದೆ. ರಷ್ಯಾ, ಫ್ರಾನ್ಸ್, ಅಮೆರಿಕಗಳ ವಿಜ್ಞಾನಿಗಳು ಕೂಡಿ 1998ರ ವೇಳೆಗೆ 3,623 ಮೀಟರ್ ಆಳದವರೆಗೆ ಕೊರೆದು ಹಿಮದ ಕಂಬವನ್ನು ಮೇಲೆತ್ತಿದರು. ಸುಮಾರು 4,20,000 ವರ್ಷಗಳ ವಾಯುಚರಿತ್ರೆ ಅದರಲ್ಲಿತ್ತು. ಆ ದೀರ್ಘಕಾಲದಲ್ಲಿ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300 ಭಾಗಗಳ ನಡುವೆಯೇ ಏರಿಳಿದಿತ್ತು. ಇಂದು ಅದು 420ನ್ನು ಮೀರಿದೆ.

2012ರ ಫೆಬ್ರವರಿಯಲ್ಲಿ ಕೊರೆಯುವ ಯಂತ್ರವು ಹಿಮದಡಿಯ ಮಹಾಸರೋವರವನ್ನು ಮುಟ್ಟಿತು. ಕೊರೆದ ಬಾವಿಯು ಮುಚ್ಚಿಹೋಗದಂತೆ ಅದಕ್ಕೆ ಸೀಮೆಎಣ್ಣೆ ತುಂಬಿದ್ದರಿಂದ ಆ ನಿರ್ಮಲ ಜಲವು ಕೆಡುವುದೆಂಬ ಆಕ್ಷೇಪವೂ ಎದ್ದಿತು. ಅದು ನ್ಯಾಯವಾದ ಆಕ್ಷೇಪವೇ. ಹಿಮದಲ್ಲಿ ಹೂತುಹೋದ ಹಳೆಯ ಕಟ್ಟಡಗಳಿಗೆ ಬದಲಾಗಿ, ಕಂಬಗಳ ಮೇಲೆ ನಿಂತ ಹೊಸ ನಿವಾಸವು 2024ರ ಜನವರಿಯಲ್ಲಿ ಉದ್ಘಾಟನೆಗೊಂಡಿತು.