ಚಳಿಯಲ್ಲಿ ಕೊಳಲಿನ ಶ್ರುತಿ

ಹುಲಗೂರಿನ ಕಡೆ ಡಿಸೆಂಬರ್ ಚಳಿಯಲ್ಲಿ ಕ್ರಿಸ್ಮಸ್ ಹಾಡಿಗೆ ನಾವು ಕೊಳಲು ಎತ್ತಿಕೊಂಡರೆ ಶ್ರುತಿ ಹಾರ್ಮೋನಿಯಂಗಿಂತ ತುಸು ಕೆಳಗೆ ನಿಲ್ಲುತ್ತದೆ. ಏಕೆ? ಕೊಳಲಿನಲ್ಲಿ ನುಡಿಯುವುದು ಬಿದಿರಲ್ಲ, ಅದರೊಳಗಿನ ಗಾಳಿ. ನಮ್ಮ ಉಸಿರು ಊದುವ ರಂಧ್ರದ ಅಂಚಿಗೆ ಬಡಿದಾಗ ಒಳಗಿನ ಗಾಳಿಯ ಕಂಬ ಕಂಪಿಸುತ್ತದೆ. ಬೆರಳೆತ್ತಿದರೆ ಆ ಕಂಬ ಗಿಡ್ಡವಾಗಿ ಸ್ವರ ಏರುತ್ತದೆ.

ಗಾಳಿಯಲ್ಲಿ ಶಬ್ದದ ವೇಗ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 349 ಮೀಟರ್. 20 ಡಿಗ್ರಿಯಲ್ಲಿ 343 ಮೀಟರ್. ಶಬ್ದ ನಿಧಾನವಾದಂತೆ ಕೊಳಲಿನ ಸ್ವರವೂ ತಗ್ಗುತ್ತದೆ. ಹಾರ್ಮೋನಿಯಂನ ಲೋಹದ ರೀಡುಗಳಿಗೆ ಚಳಿ ಅಷ್ಟಾಗಿ ತಾಗದು.

ಆದ್ದರಿಂದ ಹಾಡಿಗೆ ಮುನ್ನ ರಂಧ್ರಗಳನ್ನು ಮುಚ್ಚಿ, ಬೆಚ್ಚನೆಯ ಉಸಿರನ್ನು ಒಂದೆರಡು ನಿಮಿಷ ಕೊಳಲೊಳಗೆ ಬಿಡೋಣ. ಬೆಂಕಿಗೆ ಹಿಡಿಯುವುದು ಬೇಡ; ಬಿದಿರು ಸೀಳಿದರೆ ಗಾಳಿ ಸೋರಿ ನಾದ ಕೆಡುತ್ತದೆ. ಅಪಶ್ರುತಿಯೆಂದು ಊದುವ ಮಗುವನ್ನು ಗದರುವ ಮೊದಲು ಆ ಎರಡು ನಿಮಿಷ ಕೊಡೋಣ.